ಗಿರಣಿ ಊರಿನ ಕಿಟಕಿಗಳು: ಡರ್ವೆಂಟ್ ಕಣಿವೆಯಲ್ಲಿ ನಾಲ್ಕು ದಿನ

ಅಕ್ಕನ ಮಗಳು ಇಂಗ್ಲೆಂಡಿನ ಡರ್ಬಿಯಲ್ಲಿ ಕೆಲಸಕ್ಕಿದ್ದಾಳೆ. ಸೆಪ್ಟೆಂಬರಿನಲ್ಲಿ ಅವಳ ಮನೆಗೆ ಹೋಗಿದ್ದೆ. "ಲಂಡನ್ ಬಿಟ್ಟು ಇಲ್ಲಿ ನಾಕು ದಿನ ಏನ್ ನೋಡ್ತಿ ಮಾಮಾ?" ಅಂದಳು. ನನಗೆ ಬೇರೆಯೇ ಕೆಲಸವಿತ್ತು.

ನನ್ನ ತಾಯಿಯ ತಂದೆ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಮೂವತ್ತು ವರ್ಷ ನೂಲು ತೆಗೆದವರು. ಘಟಪ್ರಭೆ ಬಂಡೆ ಮೇಲಿಂದ ಧುಮುಕುವ ಜಾಗ ಅದು. ಆ ನೀರಿನ ಜೋರು ನೋಡಿಯೇ 1880ರ ದಶಕದಲ್ಲಿ ಅಲ್ಲಿ ಗಿರಣಿ ಹಾಕಿದರು. ಗಿರಣಿಯವರಿಗೆ ಪಕ್ಕದಲ್ಲೇ ಮನೆ. ಅವ್ವ ಹುಟ್ಟಿ ಬೆಳೆದದ್ದು ಅಂಥ ಒಂದು ಮನೆಯಲ್ಲಿ. ನೀರಿದ್ದಲ್ಲಿ ಗಿರಣಿ, ಗಿರಣಿ ಇದ್ದಲ್ಲಿ ಧಣಿ ಕಟ್ಟಿಸಿದ ಮನೆ. ಹತ್ತಿ ನೂಲಿನ ಮಟ್ಟಿಗೆ ಈ ಲೆಕ್ಕ ಮೊದಲು ಕುದುರಿದ್ದು ಡರ್ಬಿ ಪಕ್ಕದ ಕಣಿವೆಯಲ್ಲಿ. ಅದನ್ನೊಮ್ಮೆ ನೋಡಬೇಕಿತ್ತು.

ಮೊದಲನೇ ದಿನ: ಡರ್ಬಿ, ಡಾರ್ಲಿ ಆ್ಯಬಿ

ಡರ್ಬಿಯಿಂದ ಉತ್ತರಕ್ಕೆ ಮ್ಯಾಟ್ಲಾಕ್ ಬಾತ್‌ವರೆಗೆ ಡರ್ವೆಂಟ್ ನದಿಗುಂಟ ಸುಮಾರು 24 ಕಿಲೋಮೀಟರ್. ಈ ಪಟ್ಟಿಯನ್ನು ಯುನೆಸ್ಕೊ 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಂಪಿ, ಪಟ್ಟದಕಲ್ಲು ಇರುವ ಪಟ್ಟಿಯೇ. ಇಲ್ಲಿ ಮಾತ್ರ ಗುಡಿ ಗೋಪುರ ಇಲ್ಲ. ಗಿರಣಿ, ನದಿಗೆ ಹಾಕಿದ ಒಡ್ಡು, ಕಾಲುವೆ, ಕೂಲಿಯವರ ಸಾಲುಮನೆ.

ಶುರು ಮಾಡಿದ್ದು ಡರ್ಬಿಯ ರೇಷ್ಮೆ ಗಿರಣಿಯಿಂದ. ಲೋಂಬ್ ಅನ್ನುವ ಅಣ್ಣತಮ್ಮಂದಿರು 1721ರ ಹೊತ್ತಿಗೆ ನದಿಯ ನಡುಗಡ್ಡೆಯಲ್ಲಿ ಐದು ಮಹಡಿಯ ಗಿರಣಿ ಎಬ್ಬಿಸಿದರು. ರೇಷ್ಮೆ ಎಳೆಗೆ ಹುರಿ ಹಾಕುವ ಯಂತ್ರಗಳು, ಓಡಿಸಲು ನೀರಿನ ಗಾಲಿ. ಯಂತ್ರದ ಗುಟ್ಟು ಇವರದಲ್ಲ. ತಮ್ಮ ಜಾನ್ ಲೋಂಬ್ ಇಟಲಿಯ ಪೀಡ್‌ಮಾಂಟ್‌ಗೆ ಹೋಗಿ ಕದ್ದು ಕಲಿತು ಬಂದದ್ದು. 1722ರಲ್ಲಿ ಅವನು ಚಿಕ್ಕ ವಯಸ್ಸಿಗೇ ಸತ್ತ. ಇಟಲಿಯಿಂದ ಒಬ್ಬ ಹೆಂಗಸು ಬಂದು ವಿಷ ಹಾಕಿದಳು ಅಂತ ಊರಿನ ಕಥೆ. ಕಥೆ ನಿಜವಿರಬೇಕೆಂದೇನಿಲ್ಲ. ಆದರೆ ಇಂಥ ಕಥೆ ಹುಟ್ಟಬೇಕಾದರೆ ಕಳ್ಳತನದ ವಿಷಯ ಊರಿಗೆಲ್ಲ ಗೊತ್ತಿರಬೇಕು, ಅಲ್ವಾ?

1910ರಲ್ಲಿ ಬೆಂಕಿ ಬಿದ್ದು ಹಳೆ ಗಿರಣಿ ಬಹುಪಾಲು ಹೋಯಿತು. ತಳದ ಕಲ್ಲಿನ ಕಮಾನು ಉಳಿದಿದೆ. ಮೇಲೆ ಕಟ್ಟಿದ್ದರಲ್ಲಿ ಈಗ ಮ್ಯೂಸಿಯಂ, ಬಾಗಿಲಲ್ಲೇ ತಲೆ ಮೇಲೆ ರೋಲ್ಸ್‌ರಾಯ್ಸ್ ವಿಮಾನದ ಎಂಜಿನ್ ತೂಗುಹಾಕಿದ್ದಾರೆ. ಮಗಳು ಎಂಜಿನ್ ನೋಡುತ್ತಾ ನಿಂತಳು. ನಾನು 1833ರ ಗಲಾಟೆಯ ವಿವರ ಓದುತ್ತಾ ನಿಂತೆ. ಕಾರ್ಮಿಕ ಸಂಘ ಬಿಡದಿದ್ದರೆ ಕೆಲಸವಿಲ್ಲ ಅಂತ ರೇಷ್ಮೆ ಗಿರಣಿಗಳ ಧಣಿಗಳು ಬೀಗ ಹಾಕಿದ್ದರು. ಜನ ಒಂದಿಡೀ ಚಳಿಗಾಲ ಉಪವಾಸ ಬಿದ್ದು, 1834ರ ಏಪ್ರಿಲ್‌ಗೆ ಸೋತು ಒಳಗೆ ಹೋದರು.

ಮಧ್ಯಾಹ್ನ ನದಿ ದಂಡೆಯ ಪಾರ್ಕು ಹಾದು ಡಾರ್ಲಿ ಆ್ಯಬಿಗೆ ನಡೆದೆವು. ಎವಾನ್ಸ್ ಅನ್ನುವ ಮನೆತನ 1782ರ ಸುಮಾರಿಗೆ ಹತ್ತಿ ಗಿರಣಿ ಹಾಕಿದ ಹಳ್ಳಿ ಇದು. ಡರ್ಬಿ ಬೆಳೆದು ಬಂದು ಹಳ್ಳಿಯನ್ನು ನುಂಗಿದೆ, ಆದರೂ ಗಲ್ಲಿಗೆ ಇಳಿದರೆ ಬೇರೆಯೇ ಗಾಳಿ. ಕೆಂಪು ಇಟ್ಟಿಗೆಯ ಪುಟ್ಟ ಪುಟ್ಟ ಮನೆಗಳು. ಒಂದು ಕಡೆ ನಾಲ್ಕು ಮನೆ ಒಂದಕ್ಕೊಂದು ಬೆನ್ನು ಹಚ್ಚಿ ಕೂತಿವೆ, ಪೆಡಂಭೂತವೊಂದು ಊರಿನ ಮನೆಗಳನ್ನು ಹಿಡಿದು ಹಿಂಡಿದ ಹಾಗೆ. ಅಲ್ಲಿ ನಿಂತಾಗಲೇ ಅನ್ನಿಸಿತು: ನಾಲ್ಕು ದಿನ ಗಿರಣಿಗಿಂತ ಮನೆಗಳನ್ನೇ ಜಾಸ್ತಿ ನೋಡೋಣ ಅಂತ. ಗಿರಣಿಯ ಬಗ್ಗೆ ಫಲಕಗಳಿವೆ, ಪುಸ್ತಕಗಳಿವೆ. ಮನೆಯಲ್ಲಿ ಎಷ್ಟು ಕೋಣೆ, ಕಿಟಕಿ ಯಾವ ಕಡೆ ಅನ್ನುವುದು ಕಟ್ಟಿಸಿದವನ ಮನಸ್ಸಿನಲ್ಲಿ ಏನಿತ್ತೆಂದು ಸುಮ್ನೆ ಹೇಳಿಬಿಡುತ್ತದೆ.

ಎರಡನೇ ದಿನ: ಬೆಲ್ಪರ್

ಮಗಳಿಗೆ ಆಫೀಸು. "ಛತ್ರಿ ತಗೊಂಡಿಯಿಲ್ಲೋ ಮಾಮಾ?" ಅಂತ ಎರಡು ಸಲ ಕೇಳಿದಳು. ತಗೊಂಡಿದ್ದೆ. ಮರೆತದ್ದು ಕನ್ನಡಕ. ಸ್ಟೇಷನ್ನಿನಲ್ಲಿ ಟಿಕೆಟ್ ಯಂತ್ರದ ಅಕ್ಷರ ಕಾಣದೆ ಅದನ್ನು ಒತ್ತಿ ಇದನ್ನು ಒತ್ತಿ ನಿಂತಿದ್ದಾಗ ರೈಲು ಹೊರಟೇ ಹೋಯಿತು. ಕಣಿವೆಯ ಲೈನಿಗೆ ಗಂಟೆಗೊಂದೇ ರೈಲು. ಒಂದು ಗಂಟೆ ಬೆಂಚಿನ ಮೇಲೆ ಕೂತು ಮಗಳು ಕಟ್ಟಿಕೊಟ್ಟ ಚಪಾತಿ ಬೆಳಿಗ್ಗೆ ಹತ್ತಕ್ಕೇ ಮುಗಿಸಿದೆ.

ಬೆಲ್ಪರ್ ಜೆಡಿಡಾಯಾ ಸ್ಟ್ರಟ್ ಅನ್ನುವವನ ಊರು. ರೈತನ ಮಗ, ಗಾಡಿಯ ಗಾಲಿ ಮಾಡುವ ಕಸುಬು ಕಲಿತವನು. ಉದ್ದುದ್ದ ಗೆರೆ ಬರುವ ಕಾಲುಚೀಲ ಹೆಣೆಯಲು ಒಂದು ಜೋಡಣೆ ಮಾಡಿ 1759ರಲ್ಲಿ ಪೇಟೆಂಟ್ ಪಡೆದ. ಆ ದುಡ್ಡಿನಲ್ಲಿ ರಿಚರ್ಡ್ ಆರ್ಕ್‌ರೈಟ್ ಅನ್ನುವವನ ಪಾಲುದಾರನಾದ (ಅವನ ಕಥೆ ನಾಳೆ), ಆಮೇಲೆ ಬೆಲ್ಪರಿನಲ್ಲಿ ಸ್ವಂತ ಗಿರಣಿ ಹಾಕಿದ. ಅದಕ್ಕೂ ಮೊದಲು ಬೆಲ್ಪರ್ ಮೊಳೆ ಬಡಿಯುವವರ ಊರಾಗಿತ್ತು. ಮನೆಮನೆಯಲ್ಲೂ ಕುಲುಮೆ.

ಊರ ಹೊರಗೆ ನದಿಗೆ ಅಡ್ಡಲಾಗಿ ಕುದುರೆ ಲಾಳದ ಆಕಾರದ ಒಡ್ಡಿದೆ. 1797ರದ್ದು. ನೀರು ಒಂದೇ ಹಾಳೆಯಾಗಿ ಸುತ್ತಲೂ ಜಾರುತ್ತದೆ. ಫಾಲ್ಸ್ ನೋಡಿದ ಕಣ್ಣಿಗೆ ಇದು ಆಟಿಕೆ. ಆದರೆ ನೀರನ್ನು ಎಷ್ಟು ಲೆಕ್ಕ ಹಾಕಿ ಹಿಡಿದಿದ್ದಾರೆ ಅನ್ನುವುದು ಹತ್ತಿರ ನಿಂತಾಗ ಗೊತ್ತಾಗುತ್ತದೆ. ಇಲ್ಲಿ ಈಗಲೂ ಟರ್ಬೈನ್ ತಿರುಗುತ್ತದೆ, ಕರೆಂಟು ಬರುತ್ತದೆ.

ಒಡ್ಡಿನ ಪಕ್ಕದಲ್ಲೇ ನಾರ್ತ್ ಮಿಲ್. ಮೊದಲಿನದು 1803ರಲ್ಲಿ ಸುಟ್ಟುಹೋಯಿತು. ಹತ್ತಿಯ ಧೂಳು, ಎಣ್ಣೆ ಕುಡಿದ ಮರದ ನೆಲ, ದೀಪ. ಆ ಕಾಲದ ಗಿರಣಿಗಳು ಒಂದಾದ ಮೇಲೊಂದು ಹೀಗೇ ಸುಟ್ಟಿವೆ. ಜೆಡಿಡಾಯಾನ ಮಗ ವಿಲಿಯಂ ಮರದ ಸಹವಾಸವೇ ಬೇಡ ಅಂತ ಎರಕದ ಕಬ್ಬಿಣದ ಕಂಬ, ತೊಲೆ, ಅವುಗಳ ನಡುವೆ ಇಟ್ಟಿಗೆಯ ಕಮಾನು ಇಟ್ಟು 1804ರಲ್ಲಿ ಮತ್ತೆ ಕಟ್ಟಿದ. ಭಾರ ಹೊರುವುದು ಕಬ್ಬಿಣದ ಅಸ್ಥಿಪಂಜರ. ಇವತ್ತಿನ ಎತ್ತರದ ಕಟ್ಟಡಗಳ ಅಜ್ಜಂದಿರಲ್ಲಿ ಇದೂ ಒಂದು ಅನ್ನುತ್ತಾರೆ. ತುತ್ತತುದಿಯ ಅಟ್ಟದಲ್ಲಿ ಗಿರಣಿಯ ಮಕ್ಕಳಿಗೆ ಶಾಲೆ ಇತ್ತು. ಭಾನುವಾರದ ಶಾಲೆ. ಉಳಿದ ಆರು ದಿನ ಅದೇ ಮಕ್ಕಳು ಕೆಳಗಿನ ಮಹಡಿಗಳಲ್ಲಿ ಕೆಲಸಕ್ಕಿದ್ದರು.

ರಸ್ತೆ ದಾಟಲು ಗಿರಣಿಯಿಂದ ಗಿರಣಿಗೆ ಕಮಾನಿನ ಮೇಲೊಂದು ಕಲ್ಲಿನ ಹಾದಿ. ಅದರ ಗೋಡೆಯಲ್ಲಿ ಸಣ್ಣ ಸಣ್ಣ ಕಂಡಿಗಳು. ಗಾಳಿಗಲ್ಲ, ಬಂದೂಕಿನ ನಳಿಗೆ ತೂರಿಸಲು. ಯಂತ್ರ ಒಡೆಯಲು ಜನ ನುಗ್ಗಿದರೆ ಅಂತ ಮಾಡಿಟ್ಟುಕೊಂಡದ್ದು. ಬೆಲ್ಪರಿನ ಪಟದಲ್ಲೆಲ್ಲ ಈ ಕಮಾನು ಚೆಂದ ಕಾಣುತ್ತದೆ, ಕಂಡಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಮನೆಗಳಿಗೆ ಬರೋಣ. ಲಾಂಗ್ ರೋ ಅಂತ ಒಂದು ಬೀದಿ, 1790ರ ದಶಕದ್ದು. ಕಲ್ಲಿನ, ಇಟ್ಟಿಗೆಯ ಸಾಲುಮನೆ, ಏರುದಾರಿಗುಂಟ ಮೆಟ್ಟಿಲಿಳಿದಂತೆ ಸೂರುಗಳು. ಬೀದಿ ಮಧ್ಯದಲ್ಲಿ ತುಂಡಾಗಿದೆ. 1840ರಲ್ಲಿ ರೈಲು ಬಂದಾಗ ಊರನ್ನೇ ಸೀಳಿ ಆಳದ ಕಂದಕ ತೋಡಿದರು. ಪಕ್ಕದ ಬೀದಿಗಳ ಹೆಸರು ಜಾರ್ಜ್ ಸ್ಟ್ರೀಟ್, ವಿಲಿಯಂ ಸ್ಟ್ರೀಟ್, ಜೋಸೆಫ್ ಸ್ಟ್ರೀಟ್. ಮೂವರೂ ಸ್ಟ್ರಟ್‌ನ ಮಕ್ಕಳು. ಧಣಿಯ ಮನೆಯ ಹಾಜರಿಪಟ್ಟಿಯನ್ನು ದಿನಾ ಕೆಲಸಕ್ಕೆ ಹೋಗುವಾಗೊಮ್ಮೆ ಬರುವಾಗೊಮ್ಮೆ ಓದಬೇಕು! ಇಲ್ಲಿ ಡಾರ್ಲಿಯಲ್ಲಿ ಕಂಡಂಥ ನಾಲ್ಕು ಮನೆಯ ಗುಂಪುಗಳೂ ಇವೆ. ಆದರೆ ಇವು ದೊಡ್ಡವು, ಸುತ್ತ ಅಂಗಳ, ಕೈತೋಟ. ಗಿರಣಿಯಲ್ಲಿ ಮೇಲಿನ ಹುದ್ದೆಯವರಿಗೆ ಅಂತ ಕಟ್ಟಿದ್ದು. ನಮ್ಮ ಕಡೆ ಗಿರಣಿಯ ಜಾಬರ್‌ಗೆ (ಮೇಸ್ತ್ರಿಗೆ) ಒಂದು ನಮೂನೆ, ಕೂಲಿಯವನಿಗೆ ಒಂದು ನಮೂನೆ ಇರುತ್ತಿತ್ತಲ್ಲ, ಹಾಗೆ.

ಬೆಲ್ಪರಿನವರು ಇವತ್ತಿಗೂ ಒಬ್ಬನನ್ನು ಅರ್ಧ ಬೈದು ಅರ್ಧ ಮೆಚ್ಚಿ ಮಾತಾಡುತ್ತಾರೆ: ಸ್ಯಾಮ್ಯುಯೆಲ್ ಸ್ಲೇಟರ್. 1768ರಲ್ಲಿ ಇಲ್ಲೇ ಹುಟ್ಟಿದವನು, ಸ್ಟ್ರಟ್‌ನ ಗಿರಣಿಯಲ್ಲಿ ಕೆಲಸ ಕಲಿತ. ಯಂತ್ರದ ನಕ್ಷೆ ದೇಶದ ಹೊರಗೆ ಒಯ್ಯುವುದಿರಲಿ, ಕೆಲಸ ಬಲ್ಲವನು ಹಡಗು ಹತ್ತುವುದೂ ಆಗ ಅಪರಾಧ. 1789ರಲ್ಲಿ ಇವನು ಕಾಗದ ಒಯ್ಯಲಿಲ್ಲ, ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡು ಅಮೆರಿಕಕ್ಕೆ ಹೋದ. ರೋಡ್ ಐಲೆಂಡಿನ ಪಾಟಕೆಟ್‌ನಲ್ಲಿ ನೂಲಿನ ಯಂತ್ರ ಎಬ್ಬಿಸಿದ. ಅಲ್ಲಿ ಅವನು ಉದ್ಯಮದ ಪಿತಾಮಹ, ಇಲ್ಲಿ ದ್ರೋಹಿ ಸ್ಲೇಟರ್. ಲೋಂಬ್ ಇಟಲಿಯಿಂದ ಕದ್ದಾಗ ಮಾತ್ರ ಜಾಣತನ. ಇರಲಿ.

ವಾಪಸ್ ಬರುವಾಗ ಮಿಲ್‌ಫರ್ಡ್‌ನಲ್ಲಿ ಬಸ್ ಇಳಿದೆ. ಸ್ಟ್ರಟ್ ಗಿರಣಿಗಳನ್ನು 20ನೇ ಶತಮಾನದಲ್ಲಿ ಕೆಡವಿಬಿಟ್ಟಿದ್ದಾರೆ. ಒಡ್ಡು ಇದೆ, ಗಾಲಿ ತಿರುಗುತ್ತಿದ್ದ ಗುಂಡಿ ಇದೆ. ಮಳೆ ಜೋರಾಯಿತು, ಮುಂದಿನ ಬಸ್ ಹತ್ತಿದೆ.

ಮೂರನೇ ದಿನ: ಕ್ರಾಮ್‌ಫರ್ಡ್

ಇವತ್ತು ಕನ್ನಡಕ, ಛತ್ರಿ, ಚಪಾತಿ ಮೂರೂ ಇದ್ದವು. ರೈಲೂ ಸಿಕ್ಕಿತು. ಆಂಬರ್‌ಗೇಟ್ ದಾಟಿದ ಮೇಲೆ ಒಂಟಿ ಹಳಿ. ಕಣಿವೆ ಇಕ್ಕಟ್ಟಾಗುತ್ತದೆ, ಎರಡೂ ಕಡೆ ಮರ, ಮರದ ನಡುವೆ ಸುಣ್ಣದ ಕಲ್ಲಿನ ಬೆಟ್ಟ. ಡರ್ಬಿ ಬಿಟ್ಟು ಅರ್ಧ ಗಂಟೆಯೊಳಗೆ ಕ್ರಾಮ್‌ಫರ್ಡ್.

1771ರಲ್ಲಿ ಇಲ್ಲಿಗೆ ಬಂದ ರಿಚರ್ಡ್ ಆರ್ಕ್‌ರೈಟ್ ಮೂಲದಲ್ಲಿ ಕ್ಷೌರಿಕ. ಪ್ರೆಸ್ಟನ್ ಊರಿನ ಬಡವರ ಮನೆಯ ಹುಡುಗ. ಕ್ಷೌರ ಮಾಡುತ್ತಾ, ವಿಗ್ ಕಟ್ಟುತ್ತಾ, ಕೂದಲು ಕೊಳ್ಳಲು ಊರೂರು ತಿರುಗುತ್ತಾ ಇದ್ದವನು. ಗಡಿಯಾರದ ಕೆಲಸದ ಜಾನ್ ಕೇ ಅನ್ನುವವನನ್ನು ಜೊತೆಗೆ ಹಾಕಿಕೊಂಡು ನೂಲುವ ಯಂತ್ರ ಮಾಡಿಸಿದ, 1769ರಲ್ಲಿ ಪೇಟೆಂಟ್ ಪಡೆದ. ಉಪಾಯ ಅವನದೇ ಅಲ್ಲ ಅಂತ ಆಮೇಲೆ ಕೋರ್ಟಿನಲ್ಲಿ ವಾದ ನಡೆದು 1785ರಲ್ಲಿ ಪೇಟೆಂಟ್ ರದ್ದಾಯಿತು. ಅಷ್ಟರಲ್ಲಿ ಅವನು ಮುಟ್ಟಲಾರದಷ್ಟು ಮೇಲೆ ಹೋಗಿದ್ದ. ಮರುವರ್ಷ ಸರ್ ಪದವಿಯೂ ಬಂತು.

ಆ ಯಂತ್ರ ಏನು ಮಾಡುತ್ತಿತ್ತು? ಅಜ್ಜಿ ಹಂಜಿ ಹಿಡಿದು ನೂಲುವುದನ್ನು ನೋಡಿದವರಿಗೆ ಬೇಗ ತಿಳಿಯುತ್ತದೆ. ಒಂದು ಕೈ ಹಂಜಿಯನ್ನು ಮೆಲ್ಲಗೆ ಎಳೆದು ಸಪುರ ಮಾಡುತ್ತದೆ, ಇನ್ನೊಂದು ಕೈ ಚಕ್ರ ತಿರುಗಿಸಿ ಹುರಿ ಕೊಡುತ್ತದೆ. ಎಷ್ಟು ಎಳೆಯಬೇಕು ಅನ್ನುವುದು ಬೆರಳಿಗೆ ಮಾತ್ರ ಗೊತ್ತು. ಆರ್ಕ್‌ರೈಟ್ ಯಂತ್ರ ಆ ಬೆರಳುಗಳ ಬದಲಿಗೆ ಜೋಡಿ ಜೋಡಿ ರೋಲರ್ ಇಟ್ಟಿತು. ಹಿಂದಿನ ಜೋಡಿ ನಿಧಾನ, ಮುಂದಿನದು ಅದಕ್ಕಿಂತ ಜೋರು. ನಡುವೆ ಸಿಕ್ಕ ಹಂಜಿ ತಾನಾಗಿಯೇ ಎಳೆದುಕೊಳ್ಳುತ್ತದೆ. ಕೆಳಗೆ ಕದಿರು ಹುರಿ ಹಾಕಿ ಸುತ್ತಿಕೊಳ್ಳುತ್ತದೆ. ಅಜ್ಜ ಜೀವನವಿಡೀ ನಿಂತು ಕೆಲಸ ಮಾಡಿದ ರಿಂಗ್ ಫ್ರೇಮ್ ಅನ್ನುವ ನೂಲುವ ಯಂತ್ರದ ಮೇಲ್ಭಾಗದಲ್ಲೂ ಇದೇ ರೋಲರ್ ಲೆಕ್ಕ. ಎಳೆ ಹರಿದಲ್ಲಿ ಬೆರಳು ತಾಗಿಸಿ ಕೂಡಿಸುವುದೊಂದು ಮನುಷ್ಯನಿಗೆ ಉಳಿದ ಕೆಲಸ. ಅಜ್ಜನ ಹೆಬ್ಬೆರಳ ತುದಿ ಮುಟ್ಟಿದರೆ ಕೊರಡಿನ ಹಾಗಿತ್ತು.

ಅಲ್ಲಿಯವರೆಗೆ ಇಂಗ್ಲೆಂಡಿನಲ್ಲಿ ನೂಲುತ್ತಿದ್ದ ಹತ್ತಿ ನೂಲಿಗೆ ಮಗ್ಗದ ಹಾಸಿನ, ಅಂದರೆ ಉದ್ದಕ್ಕೆ ಬಿಗಿದ ಎಳೆಗಳ, ಎಳೆತ ತಡೆಯುವ ಗಟ್ಟಿತನ ಇರಲಿಲ್ಲ. ಹಾಸಿನ ಎಳೆಗೆ ನಾರಗಸೆಯ (ಲಿನನ್) ನೂಲು, ಅಡ್ಡ ಹೊಗಿಸುವ ಹೊಕ್ಕಿಗೆ ಮಾತ್ರ ಹತ್ತಿ. ಹಾಸೂ ಹೊಕ್ಕೂ ಹತ್ತಿಯೇ ಆದ ಬಟ್ಟೆ ಬೇಕಾದರೆ ಇಂಡಿಯಾದಿಂದ ಬರಬೇಕಿತ್ತು. ಅದಕ್ಕೆ ಅವರಿಟ್ಟ ಕ್ಯಾಲಿಕೊ ಅನ್ನುವ ಹೆಸರೇ ಕಲ್ಲಿಕೋಟೆಯಿಂದ ಹೋದದ್ದು. ಇಂಗ್ಲೆಂಡಿನ ಹೆಂಗಸರಿಗೆ ನಮ್ಮ ಅಚ್ಚಿನ ಬಟ್ಟೆಯ ಹುಚ್ಚು ಹಿಡಿದು, ಅಲ್ಲಿನ ಉಣ್ಣೆ, ರೇಷ್ಮೆ ನೇಕಾರರು ದಂಗೆ ಎದ್ದು, 1721ರಲ್ಲಿ ಅಚ್ಚಿನ ಕ್ಯಾಲಿಕೊ ಉಡಬಾರದು ಅಂತ ಕಾನೂನೇ ಬಂದಿತ್ತು. ಆರ್ಕ್‌ರೈಟ್ ನೂಲು ಹಾಸಿಗೂ ತಡೆಯಿತು. ಅವನೂ ಪಾಲುದಾರರೂ ಪಾರ್ಲಿಮೆಂಟಿಗೆ ದುಂಬಾಲು ಬಿದ್ದು, ಇಂಗ್ಲೆಂಡಿನಲ್ಲೇ ನೂತು ನೇಯ್ದ ಹತ್ತಿ ಬಟ್ಟೆಗೆ 1774ರಲ್ಲಿ ದಾರಿ ಬಿಡಿಸಿಕೊಂಡರು. ಸ್ವದೇಶಿ ಬಟ್ಟೆ ಗೊತ್ತಾಗಲಿ ಅಂತ ಅಂಚಿನಲ್ಲಿ ಮೂರು ನೀಲಿ ಎಳೆ ಇರಬೇಕು ಅನ್ನುವುದು ಆ ಕಾನೂನಿನ ಷರತ್ತು. ಮುಂದೆ ಇದೇ ಯಂತ್ರದ ನೂಲು ಹಡಗು ತುಂಬಿ ನಮ್ಮ ಕಡೆ ಬಂದು ನಮ್ಮ ಚರಕಗಳನ್ನು ಮೂಲೆಗೆ ಸೇರಿಸಿತು. ಆ ಕಥೆ ನಮಗೆ ಗೊತ್ತಿರುವುದೇ.

ಗಿರಣಿಯ ಅಂಗಳದಲ್ಲಿ ನಿಂತರೆ ಮೊದಲು ಕಾಣುವುದು ಗೋಡೆ. ರಸ್ತೆಯ ಕಡೆ ಕೆಳಗಿನ ಮಟ್ಟದಲ್ಲಿ ಕಿಟಕಿಯೇ ಇಲ್ಲ, ಕೋಟೆಯ ಹಾಗೆ. 1779ರಲ್ಲಿ ಲಂಕಾಷೈರಿನಲ್ಲಿದ್ದ ಅವನ ಇನ್ನೊಂದು ಗಿರಣಿಯನ್ನು ಜನ ಸುಟ್ಟಾಗ ಇಲ್ಲಿ ತೋಪು, ಬಂದೂಕು ತರಿಸಿಟ್ಟುಕೊಂಡಿದ್ದನಂತೆ. ಅಂಗಳದೊಳಗಿನ ಮೊದಲ ಗಿರಣಿ ಐದು ಮಹಡಿಯದ್ದು, 1929ರ ಬೆಂಕಿಯಲ್ಲಿ ಮೇಲಿನ ಎರಡು ಹೋಗಿ ಈಗ ಮೊಂಡಾಗಿ ನಿಂತಿದೆ.

ಇಷ್ಟು ದೊಡ್ಡ ಡರ್ವೆಂಟ್ ಪಕ್ಕದಲ್ಲೇ ಹರಿಯುವಾಗ ಮೊದಲ ಗಿರಣಿಗೆ ಅವನು ಅದರ ನೀರು ಮುಟ್ಟಲಿಲ್ಲ. ಬೆಟ್ಟದೊಳಗೆ ಸೀಸದ ಗಣಿಗಳಿವೆ. ಗಣಿಯಲ್ಲಿ ತುಂಬುವ ನೀರನ್ನು ಹೊರಬಿಡಲು ತೋಡಿದ ಸುರಂಗದ ಹೆಸರು ಕ್ರಾಮ್‌ಫರ್ಡ್ ಸಫ್. ಅದರ ನೀರು, ಜೊತೆಗೆ ಬಾನ್ಸಲ್ ಹಳ್ಳದ ನೀರು. ನೆಲದಾಳದಿಂದ ಬರುವುದರಿಂದ ಬೆಚ್ಚಗೆ, ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ. ಗಾಲಿ ನಿಲ್ಲುವುದಿಲ್ಲ. ಗಾಲಿ ನಿಲ್ಲದಿದ್ದರೆ ಮನುಷ್ಯರೂ ನಿಲ್ಲುವಂತಿಲ್ಲ. ಹನ್ನೆರಡು ಹನ್ನೆರಡು ಗಂಟೆಯ ಎರಡು ಪಾಳಿ, ಹಗಲೂ ರಾತ್ರಿ. "ಯಂತ್ರಕ್ಕ ನಿದ್ದಿ ಇಲ್ಲಪಾ" ಅನ್ನುತ್ತಿದ್ದ ಅಜ್ಜ. ಆ ಮಾತು ಹುಟ್ಟಿದ ಜಾಗ ಇದೇ ಇರಬೇಕು. ಡರ್ಬಿಯ ಜೋಸೆಫ್ ರೈಟ್ 1780ರ ದಶಕದಲ್ಲಿ ಈ ಗಿರಣಿಯ ರಾತ್ರಿಯ ಚಿತ್ರ ಬರೆದಿದ್ದಾನೆ: ಬೆಳದಿಂಗಳ ಬೆಟ್ಟ, ನಡುವೆ ಸಾಲು ಸಾಲು ಬೆಳಗುವ ಕಿಟಕಿ. 1790ರಲ್ಲಿ ಇಲ್ಲಿ ಹಾದುಹೋದ ಜಾನ್ ಬಿಂಗ್ ಅನ್ನುವ ಪ್ರವಾಸಿಗೆ ಅದು ದೊಡ್ಡ ಯುದ್ಧನೌಕೆಯ ಹಾಗೆ ಕಂಡಿತ್ತು. ಹೊರಗಿನಿಂದ ನೋಡಿದವರಿಗೆ ಚೆಂದ.

ಗಿರಣಿಗೆ ಇನ್ನೊಂದು ತೊಂದರೆಯಿತ್ತು. ಇಲ್ಲಿ ನೀರಿತ್ತು, ಜನ ಇರಲಿಲ್ಲ. ಕೆಲವು ಗಣಿ ಕೆಲಸದವರ ಮನೆ, ಅಷ್ಟೇ. 1771ರ ಡಿಸೆಂಬರಿನಲ್ಲಿ ಡರ್ಬಿ ಪತ್ರಿಕೆಯಲ್ಲಿ ಜಾಹೀರಾತು ಬಂತು. ಗಡಿಯಾರದ ಕೆಲಸದವರು ಬೇಕು, ಕಮ್ಮಾರರು ಬೇಕು, ನೇಕಾರರು ಬೇಕು, ಹೆಂಗಸರಿಗೆ ಮಕ್ಕಳಿಗೆ ಕೆಲಸವುಂಟು. ಕೊನೆಯ ಸಾಲೇ ಗುಟ್ಟು. ಗಿರಣಿಗೆ ಬೇಕಿದ್ದದ್ದು ಸಣ್ಣ ಕೈಗಳು. ಏಳೆಂಟು ವರ್ಷದವರನ್ನೂ ತಗೊಳ್ಳುತ್ತಿದ್ದರು. ಮಕ್ಕಳು ತಾವಾಗಿ ವಲಸೆ ಬರುವುದಿಲ್ಲ, ಅಪ್ಪನನ್ನು ಕರೆಸಬೇಕು. ಅಪ್ಪನಿಗೆ ಮನೆ ಬೇಕು, ಮನೆಯಲ್ಲಿ ಅವನಿಗೂ ಕೆಲಸ ಬೇಕು.

ಇದನ್ನೆಲ್ಲ ನಾರ್ತ್ ಸ್ಟ್ರೀಟ್‌ನಲ್ಲಿ ಕಣ್ಣಾರೆ ನೋಡಬಹುದು. ಮಾರುಕಟ್ಟೆ ಚೌಕದಿಂದ ಸ್ವಲ್ಪ ಮೇಲಕ್ಕೆ. ಆರ್ಕ್‌ರೈಟ್ 1776ರಲ್ಲಿ ಕಟ್ಟಿಸಿದ 27 ಮನೆ, ಎದುರುಬದುರು ಎರಡು ಸಾಲು. ಒರಟು ಮರಳುಗಲ್ಲು, ಮೂರು ಅಂತಸ್ತು, ಅಂತಸ್ತಿಗೆ ಒಂದೇ ಕೋಣೆ. ಕೆಳಗೆ ಅಡುಗೆ, ಊಟ. ನಡುವೆ ಮಲಗುವುದು. ಕೆಳಗಿನ ಎರಡರ ಕಿಟಕಿ ಸಾಧಾರಣ. ಮೂರನೆಯದಕ್ಕೆ ತಲೆ ಎತ್ತಿ. ಅಲ್ಲಿ ಕಿಟಕಿ ಅಡ್ಡಡ್ಡ ಉದ್ದಕ್ಕೆ ಹೋಗಿದೆ, ಸಣ್ಣ ಸಣ್ಣ ಗಾಜಿನ ಚೌಕಗಳ ಸಾಲು. ಮನೆಯಲ್ಲೇ ಅತಿ ಹೆಚ್ಚು ಬೆಳಕು ಜನರಿರುವ ಕೋಣೆಗಲ್ಲ, ಮಗ್ಗವಿರುವ ಅಟ್ಟಕ್ಕೆ. ಹೆಂಡತಿ ಮಕ್ಕಳು ಕೆಳಗೆ ಗಿರಣಿಯಲ್ಲಿ ನೂಲು ತೆಗೆಯುತ್ತಾರೆ, ಅಪ್ಪ ಅಟ್ಟದಲ್ಲಿ ಕೂತು ಅದೇ ನೂಲನ್ನು ನೇಯುತ್ತಾನೆ. ಇಳಕಲ್ಲಿನಲ್ಲೋ ರಬಕವಿಯಲ್ಲೋ ಮಗ್ಗದ ಮನೆ ಕಟ್ಟುವವರೂ ಬೆಳಕು ನೋಡಿಯೇ ಕಿಟಕಿ ಇಡುತ್ತಾರೆ. ಆದರೆ ಅಲ್ಲಿ ನೇಕಾರ ತನ್ನ ಮನೆ ತಾನು ಕಟ್ಟುತ್ತಾನೆ. ಇಲ್ಲಿ ಇಡೀ ಸಂಸಾರವನ್ನೇ ಯಂತ್ರದ ಬಿಡಿಭಾಗದ ಹಾಗೆ ಅಳೆದು ಕಟ್ಟಿದ್ದಾರೆ.

ಮನೆಗಳು ಗಟ್ಟಿಮುಟ್ಟು. ಆ ಕಾಲದ ಹಳ್ಳಿಯ ಗುಡಿಸಲಿಗೆ ಹೋಲಿಸಿದರೆ ಅರಮನೆ ಅಂತ ಒಪ್ಪಬೇಕು. ಆರ್ಕ್‌ರೈಟ್ ಸಂತೆ ಹಾಕಿಸಿದ, 1778ರಲ್ಲಿ ಗ್ರೇಹೌಂಡ್ ಅನ್ನುವ ವಸತಿಗೃಹ ಕಟ್ಟಿಸಿದ, ಸೆಪ್ಟೆಂಬರಿನಲ್ಲಿ ದೀಪ ಹಚ್ಚಿ ರಾತ್ರಿ ಪಾಳಿ ಶುರು ಮಾಡುವ ಕಾಲಕ್ಕೆ ಕೆಲಸದವರಿಗೆ ಹಬ್ಬ ಮಾಡಿಸುತ್ತಿದ್ದ. ಬಿಯರು, ಹಾಡು, ಮೆರವಣಿಗೆ. ಹಿಂದಿನ ಗಲ್ಲಿಯಲ್ಲಿ ಹಂದಿ ಗೂಡುಗಳಿವೆ, ಹತ್ತಿರದಲ್ಲೇ ಊರಿನ ಪುಟ್ಟ ಲಾಕಪ್ಪೂ ಇದೆ. ಒಂದು ಊರಿಗೆ ಏನೇನು ಬೇಕೋ ಎಲ್ಲ! ಆರ್ಕ್‌ರೈಟ್‌ನ ಸ್ವಂತ ಮನೆ ಗಿರಣಿಯ ಮೇಲಿನ ಬಂಡೆಯ ಮೇಲೆ. ಅವನ ಕಿಟಕಿಯಿಂದ ಅಂಗಳ ಪೂರ್ತಿ ಕಾಣುತ್ತಿತ್ತು.

ನಾನು ಒಂದು ಹೊಸ್ತಿಲ ಕಲ್ಲಿನ ಮುಂದೆ ಬಗ್ಗಿ ನೋಡುತ್ತಿದ್ದೆ. ನಡುವೆ ಸವೆದು ತಟ್ಟೆಯ ಹಾಗೆ ತಗ್ಗಾಗಿತ್ತು, ತಗ್ಗಿನಲ್ಲಿ ಮಳೆನೀರು. ಬಾಗಿಲು ತೆರೆದು ಒಬ್ಬರು ವಯಸ್ಸಾದ ಹೆಂಗಸು ಹೊರಬಂದರು. ಇಲ್ಲಿ ಈಗಲೂ ಜನ ವಾಸವಾಗಿದ್ದಾರೆ ಅನ್ನುವುದೇ ನನಗೆ ಮರೆತುಹೋಗಿತ್ತು. ನಾಚಿಕೆಯಾಗಿ ಕ್ಷಮೆ ಕೇಳಿದೆ. ಅವರು ನಕ್ಕು, ದಿನಾ ಯಾರಾದರೂ ಬರುತ್ತಾರೆ, ಎಲ್ಲರೂ ಮೇಲೆ ನೋಡುತ್ತಾರೆ, ಕೆಳಗೆ ನೋಡಿದವರು ನೀವೇ ಅಂದರು. ನೀರನ್ನು ಪೊರಕೆಯಿಂದ ಗುಡಿಸಿ ಒಳಗೆ ಹೋದರು.

ನಾಲ್ಕನೇ ದಿನ: ಕಾಲುವೆ ದಾರಿ

ಶನಿವಾರ. ಮಗಳೂ ಬಂದಳು. ಮೊದಲು ಮ್ಯಾಟ್ಲಾಕ್ ಬಾತ್ ಕಡೆಗೆ ಹೋಗಿ ಮ್ಯಾಸನ್ ಮಿಲ್ ನೋಡಿದೆವು. 1783ರ ಕೆಂಪು ಇಟ್ಟಿಗೆಯ ಗಿರಣಿ. ಈ ಸಲ ಆರ್ಕ್‌ರೈಟ್ ಡರ್ವೆಂಟ್ ನೀರನ್ನೇ ಹಿಡಿದಿದ್ದಾನೆ. ಧೈರ್ಯವೂ ಬಂದಿದೆ. ಇಲ್ಲಿ ಕೋಟೆ ಗೋಡೆ ಇಲ್ಲ, ರಸ್ತೆಗೆ ಮುಖ ಮಾಡಿ ಬಂಗಲೆಯ ಹಾಗೆ ಶೃಂಗಾರದ ಕಿಟಕಿಗಳು. 1991ರವರೆಗೂ ಇದು ಓಡುತ್ತಿತ್ತು.

ಆಮೇಲೆ ಕ್ರಾಮ್‌ಫರ್ಡ್ ಕಾಲುವೆ. 1794ರಲ್ಲಿ ತೋಡಿ ಮುಗಿಸಿದ್ದು, ಒಟ್ಟು 23 ಕಿಲೋಮೀಟರ್ ಚಿಲ್ಲರೆ. ಹತ್ತಿ ಬರಲು, ಸುಣ್ಣದ ಕಲ್ಲು, ಸೀಸ ಹೋಗಲು. ದೋಣಿ ಎಳೆಯುವ ಕುದುರೆ ನಡೆಯುತ್ತಿದ್ದ ದಾರಿಯಲ್ಲಿ ನಾವು ನಡೆದೆವು. ನೀರು ನಿಂತಲ್ಲೇ ನಿಂತಿದೆ, ಬಾತುಕೋಳಿ, ಮೇಲೆ ಹಳದಿ ಎಲೆ. ಆ ಹತ್ತಿ ಎಲ್ಲಿಯದು ಅಂತ ಮಗಳು ಕೇಳಿದಳು. ಮೊದಮೊದಲು ವೆಸ್ಟ್ ಇಂಡೀಸ್, ತುರ್ಕಿ ಕಡೆಯದು, ಆಮೇಲೆ ಅಮೆರಿಕದ್ದು. ಬಹುಪಾಲು ಗುಲಾಮರು ಬಿಡಿಸಿದ ಹತ್ತಿ.

"ನಮ್ಮದು ಯಾವಾಗ ಬಂತು?"

ನಮ್ಮದರ ಸರದಿ 1861ರಲ್ಲಿ. ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಹತ್ತಿ ನಿಂತುಹೋಯಿತು. ಲಂಕಾಷೈರಿನ ಗಿರಣಿಯವರ ಕಣ್ಣು ಧಾರವಾಡದ ಎರೆ ಹೊಲಗಳ ಮೇಲೆ ಬಿತ್ತು. ಹತ್ತಿ ಸಾಗಿಸಲು ಕಾರವಾರ ಬಂದರು ಬೇಕು, ಘಟ್ಟದ ರಸ್ತೆ ಬೇಕು ಅಂತ ಒತ್ತಾಯ ಮಾಡಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಬೊಂಬಾಯಿಗೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಗದ್ದಲವೇ ಇತ್ತು. ಅಷ್ಟರಲ್ಲಿ ಈ ಕಣಿವೆಯ ಕಾಲ ಮುಗಿಯುತ್ತಾ ಬಂದಿತ್ತು. ಉಗಿಯಂತ್ರ ಬಂದ ಮೇಲೆ ಗಿರಣಿಗೆ ನದಿಯ ಹಂಗಿಲ್ಲ. ಎಲ್ಲ ಮ್ಯಾಂಚೆಸ್ಟರ್ ಸುತ್ತ ಗುಂಪಾದವು. ಕ್ರಾಮ್‌ಫರ್ಡ್‌ಗಂತೂ ನೀರೇ ಕೈಕೊಟ್ಟಿತು. ಗಣಿಯವರು ಇನ್ನೂ ತಗ್ಗಿನಲ್ಲಿ ಮೀರ್‌ಬ್ರೂಕ್ ಸಫ್ ಅಂತ ಹೊಸ ಸುರಂಗ ತೋಡಿದರು, 1840ರ ದಶಕದಲ್ಲಿ ಬೆಟ್ಟದ ನೀರು ಆ ಕಡೆ ಇಳಿದುಹೋಯಿತು. ಯಾವ ನೀರು ನಂಬಿ ಊರು ಕಟ್ಟಿದನೋ ಅದು ಮೊದಲಿಂದಲೂ ಬೇರೆಯವರ ಚರಂಡಿ ನೀರೇ ತಾನೆ.

ಆಮೇಲೆ ಗಿರಣಿಯಲ್ಲಿ ಏನೇನೋ ನಡೆಯಿತು. ಕೊನೆಗೆ ಬಣ್ಣದ ಕಾರ್ಖಾನೆ. 1979ರಲ್ಲಿ ಆರ್ಕ್‌ರೈಟ್ ಸೊಸೈಟಿ ಕೊಂಡಾಗ ಗೋಡೆ ನೆಲವೆಲ್ಲ ಸೀಸದ ಬಣ್ಣದ ವಿಷ. ಅದನ್ನು ಕೆರೆದು ತೆಗೆಯುವುದೇ ವರ್ಷಗಟ್ಟಲೆ ಕೆಲಸವಾಯಿತು. ಊರು ಬಡವಾಗಿ ಉಳಿದದ್ದಕ್ಕೇ ನಾರ್ತ್ ಸ್ಟ್ರೀಟ್ ಉಳಿಯಿತು ಅಂತ ನನ್ನ ಅನಿಸಿಕೆ. ದುಡ್ಡಿದ್ದಿದ್ದರೆ ಯಾವಾಗಲೋ ಕೆಡವಿ ಹೊಸದು ಕಟ್ಟುತ್ತಿದ್ದರು.

ಲೀವುಡ್ ಪಂಪ್‌ಹೌಸ್ ಹತ್ತಿರ ಬೆಂಚು ಸಿಕ್ಕಿತು. ಬೆಟ್ಟದ ನೀರು ಹೋದ ಮೇಲೆ ಕಾಲುವೆಗೆ ಡರ್ವೆಂಟಿನಿಂದ ನೀರೆತ್ತಲು 1849ರಲ್ಲಿ ಕಟ್ಟಿದ್ದು ಇದು. ಉದ್ದನೆಯ ಕಲ್ಲಿನ ಚಿಮಣಿ. ಗಂಟೆ ಮೂರೂವರೆ. ಊರಲ್ಲಿ ರಾತ್ರಿ ಎಂಟು, ಅವ್ವ ಊಟ ಮುಗಿಸಿರುತ್ತಾಳೆ. ಮಗಳು ಫೋನ್ ಹಚ್ಚಿದಳು.

"ಆಯಿ, ಮಾಮಾ ಇಲ್ಲಿ ಮೂರು ದಿನದಿಂದ ಬರೇ ಕಿಡಕಿ ನೋಡ್ಕೋತ ತಿರಗಾಕತ್ತಾನ."

ಫೋನ್ ಇಸಕೊಂಡೆ. "ಅವ್ವಾ, ಫಾಲ್ಸಿನ ಮನ್ಯಾಗ ಕಿಡಕಿ ಎಷ್ಟಿದ್ವು?"

ಆ ಕಡೆ ಸ್ವಲ್ಪ ಹೊತ್ತು ಸುಮ್ಮನಾಯಿತು.

"ಒಂದಿತ್ತು. ಬೆಳಕು ನೋಡಿದ್ದು ನೆನಪಿಲ್ಲ ನೋಡು. ಅಪ್ಪ ರಾತ್ರಿ ಪಾಳಿ ಮಾಡಿ ಬಂದು ಹಗಲು ಮಲಗ್ತಿದ್ದ. ಅದಕ್ಕೊಂದು ಕರೇ ಕಂಬಳಿ ಹೊಡದು ಕಟ್ಟಿದ್ವಿ. ನಾವೆಲ್ಲಾ ಹೊರಗ, ಹೊಳಿ ಕಡೆ. ಮಳಿಗಾಲದಾಗ ಫಾಲ್ಸಿನ ಸಪ್ಪಳದಾಗ ಏನ್ ಒದರಿದ್ರೂ ಅಪ್ಪಗ ಕೇಳ್ತಿರಲಿಲ್ಲ. ಬ್ಯಾಸಗ್ಯಾಗ ಮಾತ್ರ ಬಾಯಿ ಮುಚ್ಚಿಕೊಂಡು ಆಡಬೇಕಿತ್ತು."

ಮತ್ತೆ ಕೇಳಿದಳು, "ಅಲ್ಲಿ ಊಟಕ್ಕ ಏನ್ ಮಾಡ್ತೀರಿ?"